ಸಕ್ಕರೆಯಿಲ್ಲದ ಇಪ್ಪತ್ತೆರಡು ಡಬ್ಬಿ

ಮಾಂಗೆರೆ, ಆಕ್ಲೆಂಡ್
9 ಫೆಬ್ರವರಿ 1997

ಪೂಜ್ಯ ಅಕ್ಕ ಲೆಸಿಯೇಲಿಯವರಿಗೆ, ತಮ್ಮ ಸೋಸಾಯಾನ ನಮಸ್ಕಾರಗಳು.

ದೇವರ ದಯೆಯಿಂದ ನಾವೆಲ್ಲ ಕ್ಷೇಮ. ಸೇಯಿನಿ ಮತ್ತು ಮಕ್ಕಳು ನಿಮ್ಮನ್ನು ಕೇಳಿದ್ದಾರೆ. ನನ್ನ ಆರೋಗ್ಯ ಪರವಾಗಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಆಸ್ಪತ್ರೆಗೆ ಹೋಗಿ, ಐದು ಗಂಟೆ ಯಂತ್ರದ ಪಕ್ಕ ಮಲಗಿ, ರಕ್ತ ತೊಳೆಸಿಕೊಂಡು ಬರುತ್ತೇನೆ. ಅಭ್ಯಾಸವಾಗಿಬಿಟ್ಟಿದೆ. ವೆಲ್ಡಿಂಗ್ ಕೆಲಸ ಬಿಟ್ಟಿದ್ದೇನೆ, ಅಷ್ಟೆ.

ಇನ್ನು ಹೇಗೆ ಬರೆಯಬೇಕೋ ತಿಳಿಯದ ವಿಷಯ. ನಿಮ್ಮ ರಕ್ತಪರೀಕ್ಷೆಯ ಫಲಿತಾಂಶ ಬಂದಿದೆ. ಅಣ್ಣಂದಿರಿಬ್ಬರಿಗೂ ಸಕ್ಕರೆ ಕಾಯಿಲೆ ಇರುವುದರಿಂದ ಅವರ ಮೂತ್ರಪಿಂಡ ಬೇಡವೆಂದಿದ್ದಾರೆ. ನಿಮ್ಮದು ನನಗೆ ಹೊಂದುತ್ತದಂತೆ. ಆದರೆ ಡಾಕ್ಟರು ಒಂದು ಷರತ್ತು ಹಾಕಿದ್ದಾರೆ. ಅದು ತಮ್ಮನಾದವನು ಅಕ್ಕನಿಗೆ ಹೇಳುವ ಮಾತಲ್ಲ. ಅವರ ಕಾಗದವನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಇದರ ಜೊತೆ ಕಳಿಸಿದ್ದೇನೆ. ನಾನು ಓದಿಲ್ಲ. ಸೇಯಿನಿ ಓದಿದಳು. ಓದಿದವಳು ನೇರವಾಗಿ ಅಂಗಡಿಗೆ ಹೋಗಿ, ಸಕ್ಕರೆಯಿಲ್ಲದ ತಂಪು ಪಾನೀಯದ ನಾಲ್ಕು ಪೆಟ್ಟಿಗೆ ತಂದಳು. ಒಂದೊಂದರಲ್ಲಿ ಇಪ್ಪತ್ನಾಲ್ಕು ಡಬ್ಬಿಗಳಿವೆ. ಹಡಗಿಗೆ ಹಾಕಿದ್ದೇವೆ. ದಯವಿಟ್ಟು ಸ್ವೀಕರಿಸಬೇಕು.

ಸೆಪ್ಟೆಂಬರ್ ಹತ್ತಕ್ಕೆ ನಿಮ್ಮನ್ನು ಇಲ್ಲಿ ಪರೀಕ್ಷಿಸುತ್ತಾರೆ. ಆ ಕಾಗದದಲ್ಲಿರುವುದು ಅಷ್ಟರೊಳಗೆ ಆದರೆ ಆಪರೇಷನ್. ಇಲ್ಲದಿದ್ದರೆ ಸತ್ತವರ ಮೂತ್ರಪಿಂಡಕ್ಕೆ ಕಾಯುವವರ ಸಾಲಿನಲ್ಲಿ ಐದಾರು ವರ್ಷ. ನಿಮ್ಮ ಮೇಲೆ ಒತ್ತಾಯವಿಲ್ಲ ಅಕ್ಕ.

ನಿಮ್ಮ ವಿಧೇಯ
ಸೋಸಾಯಾ


ಪಾಂಗಾಯ್, ಹಾಪಾಯ್ ದ್ವೀಪಗಳು
16 ಮಾರ್ಚ್ 1997

ಪ್ರೀತಿಯ ತಮ್ಮ ಸೋಸಾಯಾ,

ಹಡಗು ಬಂತು, ಪೆಟ್ಟಿಗೆಗಳೂ ಬಂದವು, ಅವುಗಳ ಹಿಂದೆ ಅರ್ಧ ಊರೂ ಬಂತು. "ಲೆಸಿಯೇಲಿಗೆ ಆಕ್ಲೆಂಡಿಂದ ಏನೋ ಬಂದಿದೆಯಂತೆ!" ಎಂದು ಫೂಸಿ ಬಂದರಿನಿಂದಲೇ ಕೂಗಿಕೊಂಡು ಬಂದಳು. ನಮ್ಮ ಚಿಕ್ಕಪ್ಪನ ಮಗಳ ಗಂಟಲು ನಿನಗೆ ಗೊತ್ತೇ ಇದೆ, ಚರ್ಚಿನ ಗಂಟೆ ಬೇಕಾಗಿಲ್ಲ.

ಹೊರದೇಶದಿಂದ ಬಂದದ್ದರಲ್ಲಿ ಮೊದಲ ಪಾಲು ಪಾದ್ರಿಗಳದು. ಒಂದು ಪೆಟ್ಟಿಗೆ ಅವರ ಮನೆಗೆ ಹೊತ್ತುಕೊಂಡು ಹೋದೆ. ಪಾದ್ರಿಯ ಹೆಂಡತಿ ಒಂದು ಗುಟುಕು ಕುಡಿದು ಮುಖ ಹಿಂಡಿದಳು. "ಅಯ್ಯೋ ದೇವರೇ, ಇದೇನೇ ಇದು, ನಾಣ್ಯ ನೆಕ್ಕಿದ ಹಾಗಿದೆ!" ಎಂದಳು. ಆದರೂ ಪೆಟ್ಟಿಗೆ ವಾಪಸು ಕೊಡಲಿಲ್ಲ.

ಡಾಕ್ಟರ ಕಾಗದ ಓದಿದೆ. ಅದರಲ್ಲೊಂದು ಸಂಖ್ಯೆ ಇದೆ. ಅದು ನಿನಗೆ ಬೇಡ. ಬಂದರಿನಲ್ಲಿ ಕೊಬ್ಬರಿ ಮೂಟೆ ತೂಗುವ ತಕ್ಕಡಿಯ ಹತ್ತಿರ ನನಗೆ ಸ್ವಲ್ಪ ಕೆಲಸವಿತ್ತು, ಫೂಸಿಯನ್ನು ಕಾವಲಿಗೆ ನಿಲ್ಲಿಸಿ ಮುಗಿಸಿಕೊಂಡು ಬಂದೆ. ಏನು ಕೆಲಸವೆಂದು ಕೇಳಬೇಡ.

ಟೆಲಿಫೋನ್ ಕಚೇರಿಗೆ ಮಾತ್ರ ಕರೆ ಮಾಡಬೇಡ. ಅಲ್ಲಿ ಹಿಂದೆ ಸಾಲಿನಲ್ಲಿರುವ ಹತ್ತು ಜನಕ್ಕೂ ಕಿವಿ ಇರುತ್ತದೆ. ಅಕ್ಕ ತಮ್ಮ ಫೋನಿನಲ್ಲಿ ಮೈಯ ವಿಷಯ ಮಾತಾಡಿದರೆಂದು ಗೊತ್ತಾದರೆ ಅಪ್ಪ ಗೋರಿಯಿಂದ ಎದ್ದು ಬಂದಾರು. ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ಚರ್ಚಿಗೆ, ಹಬ್ಬಕ್ಕೆ ಹೋಗುವಾಗ ಬಟ್ಟೆಯ ಮೇಲೆ ಸೊಂಟಕ್ಕೆ ಚಾಪೆ ಸುತ್ತಿ ಬಿಗಿಯುವ ನಾರಿನ ಹಗ್ಗವಿದೆಯಲ್ಲ, ಅಮ್ಮ ಹೊಸೆದದ್ದು? ಗಂಟು ಹಾಕಿದ ಮೇಲೆ ಅದರ ತುದಿ ಈಗ ಒಂದು ಬೆರಳಷ್ಟು ಉಳಿಯುತ್ತದೆ. ಇನ್ನು ಮೇಲೆ ನಾನು ಹಗ್ಗದ ಸಮಾಚಾರ ಬರೆಯುತ್ತೇನೆ. ಹಗ್ಗದ ವಿಷಯ ಅಕ್ಕ ತಮ್ಮ ಮಾತಾಡಬಾರದೆಂದು ಯಾವ ಹಿರಿಯರೂ ಹೇಳಿಲ್ಲ.

ಒತ್ತಾಯವಿಲ್ಲ ಎಂದು ಬರೆದಿದ್ದೀಯಲ್ಲ, ಆ ಮಾತು ಇನ್ನೊಂದು ಸಲ ಬರೆದರೆ ನೋಡು. ನನ್ನ ತಮ್ಮನಿಗೆ ನಾನು ಕೊಡದೆ ಇನ್ನು ಯಾರು ಕೊಡಬೇಕು?

ನಿನ್ನ ಅಕ್ಕ
ಲೆಸಿಯೇಲಿ


ಪಾಂಗಾಯ್
20 ಏಪ್ರಿಲ್ 1997

ಪ್ರೀತಿಯ ಸೋಸಾಯಾ,

ಹಗ್ಗದ ತುದಿ ಒಂದು ಗೇಣು! ನಿಜವಾಗಿಯೂ ಗೇಣು, ನನ್ನ ಕೈಯಿಂದ ಅಳೆದದ್ದು. ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕುತ್ತಿದ್ದೆ, ಅದನ್ನು ಬಿಟ್ಟೆ. ಅಂಗಡಿಯ ಕೆಂಪು ಸೋಡಾ ದಿನಕ್ಕೆ ಮೂರು ಬಾಟಲಿ ಹೋಗುತ್ತಿತ್ತು, ಅದನ್ನೂ ಬಿಟ್ಟೆ. ಬಾಯಿ ಕೇಳಿದಾಗಲೆಲ್ಲ ನಿನ್ನ ಡಬ್ಬಿ ಒಡೆಯುತ್ತೇನೆ. ನಾಣ್ಯದ ರುಚಿ ಈಗ ಒಗ್ಗಿಹೋಗಿದೆ.

ಇಲ್ಲಿ ಅದೇ ದೊಡ್ಡ ಚರ್ಚೆ. ಚಾಪೆ ಹೆಣೆಯುವ ಕೊಟ್ಟಿಗೆಯಲ್ಲಿ ಹೆಂಗಸರು ಎರಡು ಪಕ್ಷವಾಗಿದ್ದಾರೆ. ಫೂಸಿ, "ಅದು ಕೊಬ್ಬು ಕರಗಿಸೋ ನೀರು ಕಣೇ. ಉಂಡಾದ್ಮೇಲೆ ಒಂದು ಕುಡಿದ್ರೆ ಉಂಡಿದ್ದೆಲ್ಲ ತೊಳ್ಕೊಂಡು ಹೋಗುತ್ತೆ" ಎನ್ನುತ್ತಾಳೆ. ಪಾದ್ರಿಯ ಹೆಂಡತಿ ಒಪ್ಪುವುದಿಲ್ಲ. "ಸುಳ್ಳು! ನಾಲಿಗೆಗೆ ಸಿಹಿ ತೋರಿಸಿ ಹೊಟ್ಟೆಗೆ ಮೋಸ ಮಾಡುತ್ತೆ. ಅದನ್ನ ಕುಡಿದ ದಿನ ನಾನು ಹಂದಿಮರಿ ಕಾಲು ಒಂದು ಜಾಸ್ತಿನೇ ತಿಂದೆ" ಎಂದು ಆಣೆ ಇಟ್ಟಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಅವಳು ಹಂದಿಮರಿಯ ಕಾಲನ್ನು ಯಾವ ದಿನ ಬಿಟ್ಟಿದ್ದಳು?

ನಾನು ಫೂಸಿಯ ಪಕ್ಷ. ಹಗ್ಗವೇ ಸಾಕ್ಷಿ. ಆದರೂ ನಿನ್ನ ಆಸ್ಪತ್ರೆಯ ನರ್ಸುಗಳನ್ನು ಒಂದು ಮಾತು ಕೇಳಿ ಬರೆ. ಅವರು ಓದಿದವರು. ಈಸ್ಟರ್ ಮುಗಿಯಿತು, ಮುಂದೆ ಚರ್ಚಿನ ಕಾಣಿಕೆ ಹಬ್ಬ, ಆಮೇಲೆ ಚಿಕ್ಕಪ್ಪನ ಕೊನೆಯ ಮಗಳ ಮದುವೆ. ಊಟಗಳ ಮೇಲೆ ಊಟ. ಡಬ್ಬಿ ಖಾಲಿಯಾಗುತ್ತಿವೆ.

ಲೆಸಿಯೇಲಿ


ಮಾಂಗೆರೆ
18 ಮೇ 1997

ಪೂಜ್ಯ ಅಕ್ಕನವರಿಗೆ,

ಹಗ್ಗದ ಸುದ್ದಿ ಓದಿ ಸೇಯಿನಿ ಅಡುಗೆಮನೆಯಲ್ಲೇ ಕುಣಿದಳು. ನಾನು ಕುಣಿಯಲಿಲ್ಲ, ಆದರೆ ಆ ದಿನ ಯಂತ್ರದ ಪಕ್ಕದ ಐದು ಗಂಟೆ ಬೇಗ ಕಳೆಯಿತು.

ನೀವು ಹೇಳಿದಂತೆ ನರ್ಸನ್ನು ಕೇಳಿದೆ. ಸಕ್ಕರೆ ಪಾನೀಯದ ಬದಲು ಅದನ್ನು ಕುಡಿದರೆ ಲಾಭವಿದೆ ಎಂದರು. ಇನ್ನೆರಡು ಪೆಟ್ಟಿಗೆ ಹಡಗಿಗೆ ಹಾಕಿದ್ದೇವೆ.

ಮೊನ್ನೆ ಸ್ವಲ್ಪ ಶೀತವಾಗಿ ಮೂರು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಇಲ್ಲಿ ಚಳಿ ಶುರುವಾಗಿದೆ. ಚಿಂತೆ ಮಾಡಬೇಡಿ.

ನಿಮ್ಮ ವಿಧೇಯ
ಸೋಸಾಯಾ


ಪಾಂಗಾಯ್
22 ಜೂನ್ 1997

ಸೋಸಾಯಾ,

ಪೆಟ್ಟಿಗೆ ತಲುಪಿದವು. ಒಂದರಲ್ಲಿ ಇಪ್ಪತ್ತೆರಡೇ ಡಬ್ಬಿ ಇದ್ದವು. ಮೇಲೆ ಅಂಟುಪಟ್ಟಿ ಎರಡು ಸಲ ಹಾಕಿದ್ದಾರೆ. ಹಡಗಿನ ಕಳ್ಳರು ಕದ್ದರೆ ಪೂರ್ತಿ ಕದಿಯುತ್ತಾರೆ, ಎರಡೇ ಕದ್ದು ಮತ್ತೆ ಅಂಟಿಸುವ ಸಭ್ಯಸ್ಥರನ್ನು ನಾನು ಕಂಡಿಲ್ಲ.

ಮದುವೆ ಚೆನ್ನಾಗಿ ಆಯಿತು. ಹಗ್ಗ ಇದ್ದ ಹಾಗೆಯೇ ಇದೆ. ಚಾಪೆಯ ಕೆಲಸ ಬಹಳ, ಉದ್ದ ಬರೆಯಲು ಪುರುಸೊತ್ತಿಲ್ಲ.

ಲೆಸಿಯೇಲಿ


ಮಾಂಗೆರೆ
13 ಜುಲೈ 1997

ಅಕ್ಕಾ,

ಮೂರು ಸಲ ಬರೆದು ಹರಿದು ಹಾಕಿದ ಪತ್ರ ಇದು. ಈ ಸಲ ಹರಿಯುವುದಿಲ್ಲ.

ಫೂಸಿಯ ಮಗ ಲಾತು ರಗ್ಬಿ ತಂಡದ ಜೊತೆ ಇಲ್ಲಿಗೆ ಬಂದಿದ್ದ. ಅವನಿಗೆ ನಮ್ಮ ಹಗ್ಗದ ಲೆಕ್ಕ ಏನು ಗೊತ್ತು? ಊಟ ಮಾಡುತ್ತಾ, "ಲೆಸಿಯೇಲಿ ದೊಡ್ಡಮ್ಮ ಮದುವೇಲಿ ಹಗ್ಗ ಸಾಲ್ದೆ ನಮ್ಮಮ್ಮನ ಹಗ್ಗದ ತುಂಡು ಗಂಟು ಹಾಕ್ಕೊಂಡ್ರು, ಎಲ್ರೂ ನಕ್ಕಿದ್ದೇ ನಕ್ಕಿದ್ದು" ಎಂದ. ಸೇಯಿನಿ ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿದೆ.

ನಿನ್ನನ್ನು ಬೈಯಲು ಬರೆಯುತ್ತಿಲ್ಲ. ತಪ್ಪು ನನ್ನದು. ನರ್ಸು ಎರಡು ಮಾತು ಹೇಳಿದ್ದಳು, ನಾನು ಒಂದನ್ನೇ ಬರೆದೆ. ಅವಳು ಹೇಳಿದ್ದು ಹೀಗೆ: "ಸಕ್ಕರೆ ನೀರಿನ ಬದ್ಲು ಕುಡಿದ್ರೆ ಲಾಭ ಇದೆ. ಆದ್ರೆ ಇದು ಕುಡಿದೆ ಅಂತ ತಟ್ಟೆ ತುಂಬಿಸ್ಕೊಂಡ್ರೆ ಎಲ್ಲಾ ನೀರಲ್ಲಿ ಹೋಮ. ಅದು ಏನನ್ನೂ ಕರಗ್ಸಲ್ಲ. ನಿಮ್ಮಕ್ಕನಿಗೆ ಊಟ ಅರ್ಧ ಮಾಡೋಕೆ ಹೇಳಿ." ಅಕ್ಕನ ತಟ್ಟೆಯ ವಿಷಯ ತಮ್ಮ ಹೇಗೆ ಬರೆಯುವುದು? ಪೆನ್ನು ಏಳಲಿಲ್ಲ. ಮರ್ಯಾದೆ ಎಂದುಕೊಂಡು ಆ ಮಾತನ್ನು ನುಂಗಿದೆ. ನನ್ನ ಮರ್ಯಾದೆಗೆ ಬೆಂಕಿ ಬೀಳಲಿ.

ಇನ್ನೊಂದು. ನನಗೆ ಶೀತವಾಗಿರಲಿಲ್ಲ. ಆ ಎರಡು ಡಬ್ಬಿ ಕದ್ದವನು ನಾನೇ.

ನನ್ನ ಮೈಯಿಂದ ನೀರು ಹೊರಗೆ ಹೋಗುವುದಿಲ್ಲ ಅಕ್ಕ. ಯಂತ್ರ ಮಾತ್ರ ತೆಗೆಯಬೇಕು. ಅದಕ್ಕೆ ದಿನಕ್ಕೆ ಮೂರು ಲೋಟ ನೀರು, ಸಾರು ಚಹಾ ಎಲ್ಲ ಸೇರಿ ಅಷ್ಟೇ. ಮಂಜುಗಡ್ಡೆ ಚೂರನ್ನು ಬಾಯಲ್ಲಿಟ್ಟುಕೊಂಡು ಗಂಟೆ ಕಳೆಯುತ್ತೇನೆ. ಮಕ್ಕಳು ಹಲ್ಲುಜ್ಜುವಾಗ ನಲ್ಲಿಯ ಸದ್ದು ಕೇಳಲಾರದೆ ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ. ಆ ಭಾನುವಾರ ಎಲ್ಲರೂ ಚರ್ಚಿಗೆ ಹೋಗಿದ್ದರು. ನಿನ್ನ ಪೆಟ್ಟಿಗೆಗಳು ಬಾಗಿಲ ಬಳಿ ಇದ್ದವು. ಸಕ್ಕರೆಯಿಲ್ಲ, ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ಡಬ್ಬಿ ಒಂದೇ ಉಸಿರಿಗೆ ಇಳಿಯಿತು. ಆಮೇಲೆ ತಡೆಯಲಾಗಲಿಲ್ಲ, ನಲ್ಲಿಗೇ ಬಾಯಿ ಹಚ್ಚಿದೆ. ಸಂಜೆಗೆ ಎದೆಯಲ್ಲಿ ನೀರು ತುಂಬಿ ಉಸಿರು ನಿಂತಂತಾಯಿತು. ಮೂರು ದಿನ ಇಟ್ಟುಕೊಂಡದ್ದು ಅದಕ್ಕೆ. ಪೆಟ್ಟಿಗೆಯನ್ನು ಮತ್ತೆ ಅಂಟಿಸಿದ್ದು ಸೇಯಿನಿ. ಅವಳು ಇವತ್ತಿನವರೆಗೂ ನನ್ನನ್ನು ಬೈದಿಲ್ಲ, ಅದೇ ಕಷ್ಟ.

ಅಕ್ಕಾ, ನನಗೆ ಹೆದರಿಕೆಯಾಗುತ್ತಿದೆ. ನನ್ನ ಪಕ್ಕದ ಮಂಚದವನು ಸಾಲಿನಲ್ಲಿ ನಾಲ್ಕು ವರ್ಷ ಇದ್ದ. ಹೋದ ಬುಧವಾರ ಅವನ ಮಂಚದಲ್ಲಿ ಬೇರೆ ಯಾರೋ ಇದ್ದರು.

ನಿನ್ನ ತಮ್ಮ
ಸೋಸಾಯಾ


ಪಾಂಗಾಯ್
30 ಜುಲೈ 1997

ಸೋಸಾಯಾ,

ನಿನ್ನ ಪತ್ರವನ್ನು ಓದಿ ಮೊದಲು ಸಿಟ್ಟು ಬಂತು. ಎಷ್ಟು ಸಿಟ್ಟೆಂದರೆ ಹೆಣೆಯುತ್ತಿದ್ದ ಚಾಪೆಯನ್ನು ಅಂಗಳಕ್ಕೆ ಎಸೆದೆ. ಮೂರು ಲೋಟದ ಮೇಲೆ ಬದುಕುವವನು ನನಗೆ ಆರು ಪೆಟ್ಟಿಗೆ ಪಾನೀಯ ಕಟ್ಟಿ ಕಳಿಸಿದ್ದಾನೆ, ನಾನು ಅದನ್ನು ಹಂದಿಮಾಂಸದ ಮೇಲೆ ಸುರಿದುಕೊಂಡಿದ್ದೇನೆ! ಆಮೇಲೆ ಅಳು ಬಂತು. ಆಮೇಲೆ ಹಸಿವಾಯಿತು. ನನ್ನ ಹಣೆಬರಹವೇ ಇಷ್ಟು, ಅತ್ತರೂ ಹಸಿವಾಗುತ್ತದೆ.

ಇನ್ನು ಹಗ್ಗದ ಮಾತು ಸಾಕು. ನೀನು ಕುರ್ಚಿಯಲ್ಲಿ ಕೂತು ಓದು. ಡಾಕ್ಟರ ಕಾಗದದಲ್ಲಿರುವ ಸಂಖ್ಯೆ ನೂರು. ನೂರು ಕಿಲೋ, ಅದಕ್ಕಿಂತ ಒಂದು ಚೂರು ಹೆಚ್ಚಿದ್ದರೂ ಕತ್ತಿ ಮುಟ್ಟುವುದಿಲ್ಲ ಎಂದಿದ್ದಾರೆ. ಮಾರ್ಚಿನಲ್ಲಿ ಕೊಬ್ಬರಿ ತಕ್ಕಡಿಯ ಮೇಲೆ ನಾನು ನೂರ ಹದಿನಾರು. ಏಪ್ರಿಲಿನಲ್ಲಿ ನೂರ ಒಂಬತ್ತು. ಮದುವೆಯ ಮರುದಿನ ನೂರ ಹದಿನೇಳು. ಬರೆದೆ ನೋಡು. ಛಾವಣಿಯೇನೂ ಕುಸಿಯಲಿಲ್ಲ.

ಹೇಗಾಯಿತು ಎನ್ನುತ್ತೀಯಾ? ನನ್ನ ಜಾಗ ನಿನಗೆ ಗೊತ್ತಲ್ಲ. ಮನೆತನದ ಹಿರಿಯ ಹೆಣ್ಣು, ಮದುವೆಯಾಗಲಿ ಸಾವಾಗಲಿ ಚಾಪೆಯ ತಲೆಯಲ್ಲಿ ಕೂರಬೇಕು. ಮೊದಲ ಹಂದಿ ನನ್ನ ಮುಂದೆ. ತೆಂಗಿನ ಹಾಲು ಹಾಕಿ ಕೆಸುವಿನೆಲೆಯಲ್ಲಿ ಕಟ್ಟಿ ನೆಲದೊಲೆಯಲ್ಲಿ ಬೇಯಿಸಿದ ಮಾಂಸ ನನ್ನ ಮುಂದೆ. ನಾನು ತಿನ್ನುವುದನ್ನು ನಿಲ್ಲಿಸಿದರೆ ನನ್ನ ಕೆಳಗೆ ಕೂತ ನಲವತ್ತು ಜನರ ಕೈಯೂ ನಿಲ್ಲುತ್ತದೆ. "ಯಾಕೆ ಲೆಸಿಯೇಲಿ, ಅಡುಗೆ ಹಿಡಿಸ್ಲಿಲ್ವಾ?" ಎಂದು ಹುಡುಗಿಯ ತಾಯಿ ಕಣ್ಣಲ್ಲಿ ನೀರು ತಂದುಕೊಂಡಳು. ಬಿಸಿತುಪ್ಪ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ತಿಂದೆ. ತಿಂದು ಮೂರು ಡಬ್ಬಿ ಕುಡಿದೆ, ತೊಳೆದುಹೋಗಲಿ ಎಂದು. ಅದಕ್ಕೂ ಮೊದಲು ಕಾಣಿಕೆ ಹಬ್ಬದ ಊಟಗಳಲ್ಲೂ ಹಾಗೆಯೇ. ಡಬ್ಬಿ ಇದೆಯಲ್ಲ ಎಂಬ ಧೈರ್ಯಕ್ಕೆ ಮೊದಲು ತಿನ್ನದಿದ್ದ ತುಂಡನ್ನೂ ತಿನ್ನತೊಡಗಿದೆ. ತಪ್ಪು ಡಬ್ಬಿಯದಲ್ಲ ಸೋಸಾಯಾ. ಕೆಂಪು ಸೋಡಾ ಬಿಡಿಸಿ ಏಳು ಕಿಲೋ ಇಳಿಸಿದ್ದೂ ಅದೇ ಡಬ್ಬಿ. ಪಾದ್ರಿಯ ಹೆಂಡತಿಯೂ ಪೂರ್ತಿ ಸುಳ್ಳು ಹೇಳಿರಲಿಲ್ಲ, ಫೂಸಿಯೂ ಪೂರ್ತಿ ನಿಜ ಹೇಳಿರಲಿಲ್ಲ.

ಮೊನ್ನೆ ಹಿರಿಯ ಸೋದರತ್ತೆಯ ಗಂಡ ತೀರಿಕೊಂಡರು. ಐದು ದಿನದ ಊಟ. ನಾನು ಚಾಪೆಯ ತಲೆಗೆ ಹೋಗಲಿಲ್ಲ. ಕೆಲಸದವರು ಸುತ್ತುವಂಥ ಹರಕು ಚಾಪೆ ಸುತ್ತಿಕೊಂಡು ಹಿತ್ತಲಿಗೆ ಹೋಗಿ, ನೆಲದೊಲೆಯ ಹೊಗೆಯಲ್ಲಿ ಬಡಿಸುವವರ ಜೊತೆ ನಿಂತೆ. ಬಡಿಸುವವರು ಕೊನೆಗೆ ಉಣ್ಣುತ್ತಾರೆ, ಉಳಿದದ್ದನ್ನು ಉಣ್ಣುತ್ತಾರೆ, ಎಷ್ಟು ಉಂಡರೆಂದು ಯಾರೂ ನೋಡುವುದಿಲ್ಲ. ಫೂಸಿ ಓಡಿಬಂದು ನನ್ನ ತೋಳು ಜಗ್ಗಿದಳು.

"ಏನೇ ಇದು, ಮಾನ ಮರ್ಯಾದೆ ಇದೆಯಾ ನಿಂಗೆ? ನಿನ್ನ ಜಾಗ ಖಾಲಿ ಇದೆ, ಜನ ಏನಂತಾರೆ?"

"ನೀನೇ ಹೋಗಿ ಕೂತ್ಕೋ" ಎಂದೆ. "ನಿಂಗೂ ಚೆನ್ನಾಗಿ ಒಪ್ಪುತ್ತೆ, ಸೊಂಟಕ್ಕೆ ಹಗ್ಗ ಮಾತ್ರ ಉದ್ದಂದು ತಗೊಂಡು ಹೋಗು."

ಅಂದಿನಿಂದ ಅವಳು ಮಾತು ಬಿಟ್ಟಿದ್ದಾಳೆ. ದೊಡ್ಡಣ್ಣನೂ ಬಿಟ್ಟಿದ್ದಾನೆ. ಒಮ್ಮೆ ಬಿಟ್ಟ ಜಾಗಕ್ಕೆ ಮತ್ತೆ ಕರೆಯುತ್ತಾರೋ ಇಲ್ಲವೋ. ಅದರಿಂದ ನನಗೆ ನೋವಾಗುತ್ತದೆ, ಸುಳ್ಳು ಯಾಕೆ ಹೇಳಲಿ? ಆದರೆ ಇವತ್ತು ಕೊಬ್ಬರಿ ತಕ್ಕಡಿಯ ಮೇಲೆ ನಾನು ನೂರ ಹನ್ನೊಂದು.

ಉಳಿದ ಡಬ್ಬಿಗಳನ್ನು ನಾನು ಕುಡಿಯಲಾರೆ. ನಿನ್ನ ಬಾಯಿ ನೆನಪಾಗುತ್ತದೆ. ಹಿತ್ತಲ ಹೆಂಗಸರಿಗೆ ಹಂಚಿದೆ. ಒಂದನ್ನು ಇಟ್ಟುಕೊಂಡಿದ್ದೇನೆ.

ಲೆಸಿಯೇಲಿ


ಮಾಂಗೆರೆ
17 ಆಗಸ್ಟ್ 1997

ಅಕ್ಕಾ,

ಸಂಖ್ಯೆಗಳನ್ನು ಓದಿದೆ. ಕುರ್ಚಿಯಲ್ಲಿ ಕೂತೇ ಓದಿದೆ. ಕಿವಿ ಬಿಸಿಯಾಯಿತು, ಆದರೆ ಕೊನೆಯವರೆಗೂ ಓದಿದೆ. ಸೇಯಿನಿಯನ್ನು ಕರೆಯಲಿಲ್ಲ.

ನೀನು ಬಿಟ್ಟುಬಂದ ಜಾಗದ ಬಗ್ಗೆ ಏನು ಬರೆಯಲಿ? ನನಗಾಗಿ ಹಾಗೆ ಮಾಡಬಾರದಿತ್ತು ಎನ್ನಬೇಕೆನಿಸುತ್ತದೆ. ಹಾಗೆ ಅಂದರೆ ಅದೂ ಸುಳ್ಳಾಗುತ್ತದೆ. ನಾನು ಬದುಕಬೇಕು ಅಕ್ಕ.

ಇಲ್ಲಿನ ಪಾದ್ರಿಗಳಿಗೆ ಒಂದು ಸಂಶಯ. ಅಕ್ಕ ತಮ್ಮ ದೊಡ್ಡವರಾದ ಮೇಲೆ ಒಂದೇ ಸೂರಿನಡಿ ಮಲಗಬಾರದಲ್ಲ, ಆಪರೇಷನ್ ದಿನ ಇಬ್ಬರನ್ನೂ ಅಕ್ಕಪಕ್ಕದ ಕೋಣೆಯಲ್ಲಿ ಮಲಗಿಸುತ್ತಾರಲ್ಲ ಎಂದರು. ಮೂರು ದಿನ ಯೋಚಿಸಿ, "ಔಷಧಿ ಕೊಟ್ಟು ಮಲಗ್ಸಿದ್ದು ನಿದ್ದೆ ಅಲ್ಲ ಬಿಡಪ್ಪ" ಎಂದು ತೀರ್ಪು ಕೊಟ್ಟರು. ಸೇಯಿನಿ ನಕ್ಕಳು. ಎಷ್ಟೋ ದಿನದ ಮೇಲೆ ಅವಳು ನಗುವುದನ್ನು ಕೇಳಿದೆ.

ಟಿಕೆಟ್ ಕಳಿಸಿದ್ದೇನೆ. ಸೆಪ್ಟೆಂಬರ್ ಐದರ ಶುಕ್ರವಾರ ಪಾಂಗಾಯ್‌ನಿಂದ ಹೊರಡು.

ನಿನ್ನ ಸೋಸಾಯಾ


ಪಾಂಗಾಯ್ ವಿಮಾನ ನಿಲ್ದಾಣ
5 ಸೆಪ್ಟೆಂಬರ್ 1997

ಸೋಸಾಯಾ,

ಈ ಪತ್ರ ನಿನ್ನ ಕೈಗೆ ಬಂದಾಗ ಜೊತೆಯಲ್ಲಿ ನಾನಿರುವುದಿಲ್ಲ. ಗಾಬರಿಯಾಗಬೇಡ, ಪೂರ್ತಿ ಓದು.

ಇಲ್ಲಿನ ಪುಟ್ಟ ವಿಮಾನಕ್ಕೆ ಹತ್ತುವ ಮೊದಲು ಚೀಲದ ಜೊತೆ ಮನುಷ್ಯರನ್ನೂ ತೂಗುತ್ತಾರೆ, ಮರೆತಿದ್ದೀಯಾ? ನನ್ನನ್ನು ಕಳಿಸಲು ಯಾರೂ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂದು ನೋಡಿದರೆ ಕೊಟ್ಟಿಗೆಯ ಹೆಂಗಸರೆಲ್ಲ ಇದ್ದಾರೆ, ದೊಡ್ಡಣ್ಣನೂ ದೂರದಲ್ಲಿ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತಿದ್ದಾನೆ. ತಕ್ಕಡಿಯವನು ಹೊಸಬ, ಪಾಪ, ಸಂಕೋಚಪಟ್ಟು ಸಂಖ್ಯೆಯನ್ನು ಚೀಟಿಯಲ್ಲಿ ಬರೆಯಲು ಹೋದ.

"ಕೂಗಿ ಹೇಳಪ್ಪ" ಎಂದೆ.

"ಅಮ್ಮಾ, ನಿಮ್ಮಣ್ಣ ಇದಾರೆ..."

"ಅವನಿಗೇ ಕೇಳ್ಲಿ. ಕೂಗು."

"ಲೆಸಿಯೇಲಿ, ನೂರ ನಾಲ್ಕು!" ಎಂದು ಕೂಗಿದ. ಸೊಂಟದ ಚಾಪೆ, ಕೈಚೀಲ, ಅದರೊಳಗಿನ ಬೈಬಲ್, ಒಂದು ಡಬ್ಬಿ, ಎಲ್ಲ ಸೇರಿ ನೂರ ನಾಲ್ಕು. ಅವನ್ನೆಲ್ಲ ಇಳಿಸಿದರೆ ನೂರರ ಒಳಗೆ ಬರುತ್ತೇನೋ, ಹೊರಗೆ ಉಳಿಯುತ್ತೇನೋ ಗೊತ್ತಿಲ್ಲ. ಕೊಬ್ಬರಿ ತಕ್ಕಡಿ ಹೋದ ವಾರ ಕೆಟ್ಟಿದೆ. ನನಗೂ ಹೆದರಿಕೆಯೇ.

ಜನ ನಗಲಿಲ್ಲ. ಫೂಸಿ ಅಳುತ್ತಾ ಬಂದು, "ಊರಿಗೇ ಡಂಗುರ ಹೊಡಿಸಿಕೊಂಡ್ಯಲ್ಲೇ ಮುಂಡೇದೇ" ಎಂದು ಬೈದಳು. ಮಾತು ಬಿಟ್ಟು ಐದು ವಾರದ ಮೇಲೆ ಅವಳು ನನಗೆ ಹೇಳಿದ ಮೊದಲ ಮಾತು ಅದು.

ಅಷ್ಟರಲ್ಲಿ ಪೈಲಟ್ ಬಂದ. ಒಟ್ಟು ಭಾರ ಹೆಚ್ಚಾಯಿತಂತೆ, ಒಬ್ಬರು ಇಳಿಯಬೇಕಂತೆ. ಹೊಟ್ಟೆನೋವಿನ ಬಸುರಿಯೊಬ್ಬಳು ದೊಡ್ಡಾಸ್ಪತ್ರೆಗೆ ಹೊರಟಿದ್ದಳು, ಜೊತೆಗೆ ಅವಳ ತಾಯಿ, ಮಿಕ್ಕವರು ಪಂದ್ಯಕ್ಕೆ ಹೊರಟ ರಗ್ಬಿಯವರು. ಎಲ್ಲರೂ ನನ್ನನ್ನೇ ನೋಡಿದರು. ಆರು ತಿಂಗಳು ಇಳಿಸಿದ್ದೇ ಇಳಿಸಿದ್ದು, ಕೊನೆಗೆ ಭಾರವೆಂದು ಇಳಿದವಳೂ ನಾನೇ! ಅಳಬೇಕೋ ನಗಬೇಕೋ ತಿಳಿಯದೆ ನಿಂತಿದ್ದೆ. ನಾಳೆ ಶನಿವಾರದ ವಿಮಾನ ಭರ್ತಿಯಾಗಿದೆ, ಭಾನುವಾರ ಇಲ್ಲಿ ಯಾವ ವಿಮಾನವೂ ಹಾರುವುದಿಲ್ಲ. ಸೋಮವಾರದ್ದರಲ್ಲಿ ಜಾಗ ಹಿಡಿದಿದ್ದೇನೆ. ಮಂಗಳವಾರ ಆಕ್ಲೆಂಡ್, ಬುಧವಾರ ನಿನ್ನ ಡಾಕ್ಟರು. ಒಂದು ದಿನ ತಪ್ಪಿದರೆ ಎಲ್ಲ ತಪ್ಪುತ್ತದೆ. ಅದಕ್ಕೆ ಸೋಮವಾರದ ತನಕ ಈ ಬೇಲಿಯ ಪಕ್ಕದಲ್ಲೇ ಫೂಸಿಯ ನಾದಿನಿಯ ಮನೆಯಲ್ಲಿರುತ್ತೇನೆ. ಅವಳು ಈಗಾಗಲೇ ಹಂದಿ ಕಡಿಯುವ ಮಾತಾಡುತ್ತಿದ್ದಾಳೆ. ಫೂಸಿ ಬಾಗಿಲಲ್ಲಿ ಕಾವಲು ಕೂರುತ್ತಾಳಂತೆ, ಒಳಗೆ ಒಂದು ತಟ್ಟೆಯೂ ಬರದ ಹಾಗೆ.

ಈ ಪತ್ರವನ್ನು ಬಸುರಿಯ ತಾಯಿಯ ಕೈಗೆ ಕೊಡುತ್ತಿದ್ದೇನೆ, ಅವಳು ರಾಜಧಾನಿಯಲ್ಲಿ ಇಂದೇ ಆಕ್ಲೆಂಡಿಗೆ ಹೊರಟವರ ಕೈಗೆ ಸೇರಿಸುತ್ತಾಳೆ. ಡಬ್ಬಿ ಮಾತ್ರ ನನ್ನ ಹತ್ತಿರವೇ ಇರಲಿ. ಆಪರೇಷನ್ ಆದ ಮೇಲೆ ಎಷ್ಟು ಬೇಕಾದರೂ ಕುಡಿಯಬಹುದಂತೆ, ಇಲ್ಲಿನ ನರ್ಸನ್ನು ಕೇಳಿದೆ. ನಾನು ಹಾಸಿಗೆಯಿಂದ ಎದ್ದು ನಿನ್ನ ಕೋಣೆಗೆ ಬರುತ್ತೇನೆ, ಯಾವ ಹಿರಿಯರು ಏನಾದರೂ ಅಂದುಕೊಳ್ಳಲಿ. ಎರಡು ಲೋಟ ತರಿಸು. ನಿನ್ನದನ್ನು ತುಂಬ ಹಾಕುತ್ತೇನೆ, ನನಗೆ ಅರ್ಧ ಸಾಕು.

ನಿನ್ನ ಅಕ್ಕ
ಲೆಸಿಯೇಲಿ